ಗೋತ್ರ ಕೇಳಿ ಗುಣ ಹೇಳುವವರು

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಅದೇ ಹಳೇ ನೆಪ. ಇವತ್ತು ಬರೀತಿರೋದು ಸಿಟ್ಟಿನಿಂದ. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೇನೇ ಅಂತ ಮೊದಲೇ ಹೇಳಿಬಿಡ್ತೀನಿ.

ಹೋದ ತಿಂಗಳು ದೊಡ್ಡಮ್ಮನ ಮನೆ ಗೃಹಪ್ರವೇಶ ಇತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದು ಅಕ್ಕ, ಅಂದರೆ ದೊಡ್ಡಮ್ಮನ ಮಗಳು. ಬ್ಯಾಕ್ಟೀರಿಯಾದ ಪ್ರೋಟೀನುಗಳ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ. ಎದುರು ಸಾಲಿನಲ್ಲಿದ್ದ ಮಾವ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು, "ಅಲ್ಲಮ್ಮಾ, ಪ್ರೋಟೀನ್ ವಿಷಯ ಎಲ್ಲಾ ಕಂಪ್ಯೂಟರೇ ಕಂಡುಹಿಡಿದು ಮುಗಿಸಿಬಿಡ್ತಂತಲ್ಲ? ಅದಕ್ಕೆ ನೊಬೆಲ್ಲೂ ಬಂತಂತೆ. ನೀನಿನ್ನೂ ಟ್ಯೂಬು ಅಲ್ಲಾಡಿಸ್ತಾ ಕೂತಿದ್ದೀಯಲ್ಲ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, "ಹೌದು ಮಾವ, ಇನ್ನು ಇವಳ ಕೆಲಸಾನೂ ನಾವೇ ಮಾಡ್ತೀವಿ ಬಿಡಿ" ಅಂತ ಒಂದು ಒಗ್ಗರಣೆ ಬೇರೆ ಹಾಕಿದೆ. ಅಕ್ಕ ಏನೂ ಮಾತಾಡಲಿಲ್ಲ. ಕೈ ತೊಳೆಯೋ ಜಾಗದಲ್ಲಿ ಹಿಡಿದು ನಿಲ್ಲಿಸಿದಳು.

"ಲೋ, ನಿಮ್ಮಂಥೋರು ಬರೆದ ಪ್ರೋಗ್ರಾಮು ಕೊಟ್ಟ ಒಂದು ಹೆಸರನ್ನ ನಂಬಿ ಏಳು ತಿಂಗಳು ಕಳ್ಕೊಂಡೆ ಕಣೋ. ಫೆಲೋಶಿಪ್ ಇರೋದೇ ಐದು ವರ್ಷ. ಆ ಏಳು ತಿಂಗಳು ನೀನು ವಾಪಸ್ ಕೊಡ್ತೀಯಾ?"

ಆವತ್ತು ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಅವಳ ವಿಷಯ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಗೊತ್ತಾಗಿದ್ದು, ತಪ್ಪು ನಮ್ಮವರದ್ದೇ. ಅದನ್ನೇ ಇಲ್ಲಿ ಹೇಳ್ತೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮರ, ಹುಲ್ಲು, ಹತ್ತಿ, ಕಬ್ಬಿನ ಸಿಪ್ಪೆ, ಇವುಗಳ ಜೀವಕೋಶದ ಗೋಡೆ ಬಹುಪಾಲು ಸಕ್ಕರೆಯ ಉದ್ದುದ್ದ ಸರಗಳಿಂದ ಆಗಿರುತ್ತೆ. ಈ ಸರಗಳೇ ಪಾಲಿಸ್ಯಾಕರೈಡುಗಳು. ಗ್ಲೂಕೋಸ್ ಮಣಿ ಪೋಣಿಸಿದರೆ ಸೆಲ್ಯುಲೋಸ್. ಝೈಲೋಸ್ ಮಣಿ ಪೋಣಿಸಿದರೆ ಝೈಲಾನ್. ನೀವು ಉಟ್ಟಿರೋ ಕಾಟನ್ ಬಟ್ಟೆ ಹೆಚ್ಚುಕಮ್ಮಿ ಶುದ್ಧ ಸೆಲ್ಯುಲೋಸೇ. ಮಣ್ಣಿನಲ್ಲಿರೋ ಬ್ಯಾಕ್ಟೀರಿಯಾ ಇದನ್ನೆಲ್ಲ ತಿಂದು ಬದುಕುತ್ತೆ. ತಿನ್ನೋಕೆ ಅದು ಹೊರಗೆ ಬಿಡೋ ಕತ್ತರಿಗಳೇ ಎನ್‌ಜೈಮುಗಳು. ಆದರೆ ಕತ್ತರಿ ನೀರಲ್ಲಿ ತೇಲಿಕೊಂಡು ಹೋದರೆ ಏನು ಪ್ರಯೋಜನ? ಹಾಗಾಗಿ ಬಹಳಷ್ಟು ಎನ್‌ಜೈಮುಗಳಿಗೆ ಒಂದು ಹಿಡಿಯೋ ಕೈ ಕೂಡ ಅಂಟಿಕೊಂಡಿರುತ್ತೆ. ಕೈ ಸಕ್ಕರೆಯ ಸರವನ್ನು ಹಿಡಿದುಕೊಳ್ಳುತ್ತೆ, ಕತ್ತರಿ ಕತ್ತರಿಸುತ್ತೆ.

ಪ್ರೋಟೀನಿನಲ್ಲಿ ಹೀಗೆ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ತನ್ನದೇ ಕೆಲಸ ಮಾಡೋ ಭಾಗಕ್ಕೆ ಡೊಮೇನ್ ಅಂತಾರೆ (ನಮ್ಮ ಡಾಟ್ ಕಾಮ್ ಡೊಮೇನ್ ಅಲ್ಲ ಸ್ವಾಮಿ :) ). 1980ರ ದಶಕದಲ್ಲಿ ವಿಜ್ಞಾನಿಗಳು ಇಂಥ ಎನ್‌ಜೈಮುಗಳನ್ನು ಎರಡು ತುಂಡು ಮಾಡಿ ನೋಡಿದರು. ಒಂದು ತುಂಡು ಕತ್ತರಿಸುತ್ತೆ ಆದರೆ ಸರಿಯಾಗಿ ಹಿಡಿಯಲ್ಲ. ಇನ್ನೊಂದು ಹಿಡಿಯುತ್ತೆ, ಕತ್ತರಿಸಲ್ಲ. ಆಗ ಕೈಗೆ ಸಿಕ್ಕಿದ್ದೆಲ್ಲ ಸೆಲ್ಯುಲೋಸ್ ಹಿಡಿಯೋ ಜಾತಿಯವೇ ಆಗಿದ್ದರಿಂದ ಅದಕ್ಕೆ 'ಸೆಲ್ಯುಲೋಸ್ ಬೈಂಡಿಂಗ್ ಡೊಮೇನ್' ಅಂತ ನಾಮಕರಣ ಆಯ್ತು.

ನೋಡ್ತಾ ನೋಡ್ತಾ ಬೇರೆ ಸಕ್ಕರೆ ಹಿಡಿಯೋವೂ ಸಿಕ್ಕವು. ಝೈಲಾನ್ ಹಿಡಿಯೋದು, ಪಿಷ್ಟ ಹಿಡಿಯೋದು, ಕೈಟಿನ್ ಹಿಡಿಯೋದು... ಹೆಸರನ್ನು 'ಕಾರ್ಬೋಹೈಡ್ರೇಟ್ ಬೈಂಡಿಂಗ್ ಮಾಡ್ಯೂಲ್' ಅಂತ ಬದಲಾಯಿಸಬೇಕಾಯ್ತು. ಚಿಕ್ಕದಾಗಿ ಸಿಬಿಎಂ. ಫ್ರಾನ್ಸಿನ ಮಾರ್ಸೇಯಲ್ಲಿ ಬರ್ನಾರ್ಡ್ ಹೆನ್ರಿಸಾ ತಂಡ ಕಟ್ಟಿದ ಕ್ಯಾಝಿ ಅನ್ನೋ ಡೇಟಾಬೇಸ್ ಇವನ್ನು ಅಮೈನೋ ಆಮ್ಲಗಳ ಸಾಲಿನ ಹೋಲಿಕೆ ನೋಡಿ ಕುಟುಂಬಗಳಾಗಿ ವಿಂಗಡಿಸಿದೆ. ಇವತ್ತು ಇಂಥ ಕುಟುಂಬಗಳು ಸುಮಾರು 100 ಇವೆ, ಪ್ರತಿಯೊಂದಕ್ಕೂ ಒಂದು ನಂಬರು. ಕುಟುಂಬ ಅಂದರೆ ಇಷ್ಟೇ: ಇವರೆಲ್ಲ ಒಬ್ಬ ಅಜ್ಜನ ಮೊಮ್ಮಕ್ಕಳಿರಬೇಕು, ಮೈಕಟ್ಟು ಒಂದೇ ಥರ ಇರುತ್ತೆ. ಮೊಮ್ಮಕ್ಕಳೆಲ್ಲ ಒಂದೇ ಕಸುಬು ಮಾಡ್ತಾರೆ ಅಂತ ಕುಟುಂಬ ಹೇಳೋದಿಲ್ಲ.

ನನ್ನ ಜಗಳ ಶುರುವಾಗೋದೇ ಇಲ್ಲಿಂದ. ನಮ್ಮ ಡೇಟಾಬೇಸುಗಳು ನಡೀತಿರೋದು ಗೋತ್ರ ಕೇಳಿ ಗುಣ ಹೇಳೋ ಪದ್ಧತಿ ಮೇಲೆ. 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಅನ್ನೋ ಗಾದೆಯನ್ನೇ ಕೋಡ್ ಮಾಡಿ ಸರ್ವರ್ ಮೇಲೆ ಹಾಕಿದ್ದೇವೆ. ಮದುವೆಗೆ ಗಂಡು ಹೆಣ್ಣು ನೋಡುವಾಗ ಹೀಗೆ ಮಾಡಿದರೆ ನಾವೇ ಬೈತೀವಿ. ಪ್ರೋಟೀನಿಗೆ ಮಾಡಿದರೆ ಅದಕ್ಕೆ 'ಆಟೊಮೇಟೆಡ್ ಅನೊಟೇಶನ್' ಅಂತ ಹೆಸರು!

ಅಕ್ಕನ ಪ್ರೋಟೀನು ಒಂದು ಮಣ್ಣಿನ ಬ್ಯಾಕ್ಟೀರಿಯಾದ್ದು. ಜೀನೋಮ್ ಫೈಲಿನಲ್ಲಿ ಅದರ ಮುಂದೆ 'ಸೆಲ್ಯುಲೋಸ್ ಬೈಂಡಿಂಗ್ ಪ್ರೋಟೀನ್' ಅಂತ ಬರೆದಿತ್ತು. ಸಿಬಿಎಂ ಕುಟುಂಬ 2. ಅವಳು ಜೀನನ್ನು ಇ. ಕೊಲೈಗೆ ಹಾಕಿ, ಪ್ರೋಟೀನ್ ಬೆಳೆಸಿ, ಶುದ್ಧ ಮಾಡಿ, ಸೆಲ್ಯುಲೋಸ್ ಪುಡಿ ಜೊತೆ ಟ್ಯೂಬಿನಲ್ಲಿ ಅಲ್ಲಾಡಿಸಿ, ಸೆಂಟ್ರಿಫ್ಯೂಜ್ ಮಾಡಿ ನೋಡಿದಳು. ಹಿಡಿದುಕೊಂಡಿದ್ದರೆ ಪ್ರೋಟೀನು ಪುಡಿ ಜೊತೆ ತಳಕ್ಕೆ ಹೋಗಬೇಕು. ಹೋಗಲಿಲ್ಲ. ಪೂರ್ತಿ ಮೇಲಿನ ನೀರಲ್ಲೇ ಉಳಿಯಿತು. ಉಪ್ಪು ಬದಲಾಯಿಸಿದಳು, ಪಿಎಚ್ ಬದಲಾಯಿಸಿದಳು, ಕ್ಲೋನನ್ನೇ ಹೊಸದಾಗಿ ಮಾಡಿದಳು. ಲ್ಯಾಬ್ ಮೀಟಿಂಗಿನಲ್ಲಿ ಪ್ರತಿ ಸಲ ಒಂದೇ ಮಾತು: "ಹೆಸರೇ ಸೆಲ್ಯುಲೋಸ್ ಬೈಂಡಿಂಗ್ ಅಂತಿದೆ. ನಿನ್ನ ಪ್ರೋಟೀನು ಸರಿಯಾಗಿ ಮಡಚಿಕೊಂಡಿಲ್ಲ, ಇನ್ನೊಂದ್ಸಲ ಮಾಡು."

ಏಳು ತಿಂಗಳಾದ ಮೇಲೆ ಜೂನಿಯರ್ ಹುಡುಗಿಯೊಬ್ಬಳು ಝೈಲಾನ್ ಬೆರೆಸಿದ ಜೆಲ್ ಓಡಿಸುತ್ತಿದ್ದಳು. ಒಂದು ಲೇನ್ ಖಾಲಿ ಇತ್ತು. ಬೇಸರಕ್ಕೆ ಅಕ್ಕ ತನ್ನದನ್ನೂ ಒಂದಿಷ್ಟು ಹಾಕಿದಳು. ಸಕ್ಕರೆಯನ್ನು ಹಿಡಿದುಕೊಳ್ಳೋ ಪ್ರೋಟೀನು ಆ ಜೆಲ್ಲಿನಲ್ಲಿ ಮುಂದೆ ಓಡದೆ ಹಿಂದೆ ಬೀಳುತ್ತೆ. ಅಕ್ಕನದ್ದು ಹಿಂದೆ ಬಿತ್ತು! ಅದು ಕೆಟ್ಟಿರಲಿಲ್ಲ. ಮಡಚಿಕೊಂಡೇ ಇತ್ತು, ಹಿಡಿಯೋ ಕೆಲಸಾನೂ ಚೆನ್ನಾಗಿ ಮಾಡ್ತಿತ್ತು. ಹೆಸರು ಮಾತ್ರ ಸುಳ್ಳು.

ಇದೇನು ಅಪರೂಪದ ಕೇಸಾ? ಅಲ್ಲವೇ ಅಲ್ಲ. ಕುಟುಂಬ 2ರ ಈ ಕಥೆ 2000ನೇ ಇಸವಿಯಲ್ಲೇ ಅಚ್ಚಾಗಿದೆ. ಅದನ್ನು ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಈ ಡೊಮೇನು ಸುಮಾರು 100 ಅಮೈನೋ ಆಮ್ಲದ ಒಂದು ಪುಟ್ಟ ಗಂಟು. ಸಕ್ಕರೆ ಹಿಡಿಯೋಕೆ ಅದರ ಮೈಮೇಲೆ ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲಗಳು ಇರ್ತವೆ. ಟ್ರಿಪ್ಟೊಫಾನಿಗೆ ಚಪ್ಪಟೆ ಉಂಗುರ ಇದೆ. ಸಕ್ಕರೆಯ ಉಂಗುರ ಅದರ ಮೇಲೆ ತಟ್ಟೆ ಮೇಲೆ ತಟ್ಟೆ ಇಟ್ಟ ಹಾಗೆ ಕೂರುತ್ತೆ. ಸೆಲ್ಯುಲೋಸಿನ ಸರ ಪಟ್ಟಿಯ ಹಾಗೆ ಚಪ್ಪಟೆ. ಅದನ್ನು ಹಿಡಿಯೋ ಡೊಮೇನಿನಲ್ಲಿ ಮೂರು ಟ್ರಿಪ್ಟೊಫಾನುಗಳು ಒಂದೇ ಸಮತಲದಲ್ಲಿ ಸಾಲಾಗಿ ಇರ್ತವೆ. ಝೈಲಾನಿನ ಸರ ಹಾಗಲ್ಲ, ತಿರುಚಿಕೊಂಡು ಹೋಗುತ್ತೆ, ಮೂರು ಮಣಿಗೆ ಒಂದು ಸುತ್ತು. ಅದನ್ನು ಹಿಡಿಯೋ ಡೊಮೇನಿನಲ್ಲಿ ಎರಡು ಟ್ರಿಪ್ಟೊಫಾನುಗಳು ಒಂದಕ್ಕೊಂದು ಲಂಬವಾಗಿ ನಿಂತಿರ್ತವೆ. ಉಳಿದ ಮೈಕಟ್ಟೆಲ್ಲ ಒಂದೇ!

ಇಂಗ್ಲೆಂಡಿನ ಹ್ಯಾರಿ ಗಿಲ್ಬರ್ಟ್ ಮತ್ತು ಮೈಕ್ ವಿಲಿಯಮ್ಸನ್ ತಂಡಗಳು ಸೆಲ್ಯುಲೊಮೊನಾಸ್ ಫಿಮಿ ಅನ್ನೋ ಬ್ಯಾಕ್ಟೀರಿಯಾದ ಝೈಲಾನ್ ಹಿಡಿಯೋ ಡೊಮೇನನ್ನು ತೆಗೆದುಕೊಂಡು, 262ನೇ ಜಾಗದಲ್ಲಿದ್ದ ಆರ್ಜಿನಿನ್ ಒಂದನ್ನು ಕಿತ್ತು ಅಲ್ಲಿ ಗ್ಲೈಸಿನ್ ಕೂರಿಸಿದರು. ಬದಲಾಯಿಸಿದ್ದು ಆ ಒಂದೇ ಒಂದು ಅಮೈನೋ ಆಮ್ಲ. ಆರ್ಜಿನಿನ್ ಒತ್ತಿ ಹಿಡಿದಿದ್ದ 259ನೇ ಟ್ರಿಪ್ಟೊಫಾನ್ ಸಡಿಲವಾಗಿ, 90 ಡಿಗ್ರಿ ತಿರುಗಿ, ಚಪ್ಪಟೆಯಾಗಿ ಮಲಗಿತು. ಝೈಲಾನ್ ಹಿಡಿತ ಹೋಯ್ತು, ಸೆಲ್ಯುಲೋಸ್ ಹಿಡಿಯೋಕೆ ಶುರು ಮಾಡಿತು. ನೂರರಲ್ಲಿ ಒಂದಕ್ಷರ ಬದಲಾಯಿಸಿದ್ದಕ್ಕೆ ಕಸುಬೇ ಬದಲು.

ಈಗ ನೀವೇ ಹೇಳಿ, ಸಾಲಿನ ಹೋಲಿಕೆ ಮಾಡೋ ನನ್ನ ಪ್ರೋಗ್ರಾಮಿಗೆ ಈ ಒಂದಕ್ಷರ ಕಾಣುತ್ತಾ? ಅದರ ಲೆಕ್ಕದಲ್ಲಿ ಎರಡೂ ನೂರಕ್ಕೆ ತೊಂಬತ್ತೊಂಬತ್ತು ಒಂದೇ.

'ನನ್ನ ಪ್ರೋಗ್ರಾಮು' ಅಂದೆ. ಹೌದು, ನಾನೂ ಇಂಥದ್ದೊಂದು ಬರೆದಿದ್ದೇನೆ. ಹಿಂದಿನ ಕಂಪನಿಯಲ್ಲಿ ಬ್ಯಾಕ್ಟೀರಿಯಾ ಜೀನೋಮುಗಳಿಗೆ ಹೆಸರು ಹಚ್ಚೋ ಪೈಪ್‌ಲೈನ್ ನನ್ನ ಪಾಲಿಗೆ ಬಂದಿತ್ತು. ಜೀವಶಾಸ್ತ್ರವನ್ನು ನಾನು ಪಿಯುಸಿಗೇ ಬಿಟ್ಟವನು. ಡೇಟಾಬೇಸಿನಲ್ಲಿ ಹುಡುಕು, ಅತ್ಯಂತ ಹತ್ತಿರದ ಹೋಲಿಕೆ ಯಾವುದೋ ಅದರ ಹೆಸರನ್ನು ಎತ್ತಿಕೊಂಡು ಬಾ, ಇದರ ಮುಂದೆ ಅಂಟಿಸು. ಅಷ್ಟೇ ಕೋಡು. ಹೆಸರು ಸಿಗದಿದ್ದರೆ 'ಹೈಪೊಥೆಟಿಕಲ್ ಪ್ರೋಟೀನ್' ಅಂತ ಬರುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಆ ಹೈಪೊಥೆಟಿಕಲ್ ಎಷ್ಟು ಕಮ್ಮಿಯಾದರೆ ಗ್ರಾಹಕರಿಗೆ ಅಷ್ಟು ಖುಷಿ, ಅಪ್ರೈಸಲ್ಲಿನಲ್ಲಿ ನನಗೂ ಅಷ್ಟು ಖುಷಿ. ಹೋಲಿಕೆಯ ಮಿತಿಯನ್ನು ಸ್ವಲ್ಪ ಸಡಿಲ ಮಾಡಿದೆ. ಹೈಪೊಥೆಟಿಕಲ್ ಇಳೀತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿ ಎಷ್ಟು ಸುಳ್ಳು ಹೆಸರು ಹುಟ್ಟಿತೋ ದೇವರೇ ಬಲ್ಲ. ಅಕ್ಕನ ಫೈಲಿನಲ್ಲಿದ್ದ ಹೆಸರು ನನ್ನದಲ್ಲ. ಆದರೆ ಅದು ನನ್ನಂಥವನೊಬ್ಬನದ್ದೇ.

ಇನ್ನೂ ಕೆಟ್ಟದ್ದು ಏನು ಗೊತ್ತಾ? ಹೀಗೆ ಅಂಟಿಸಿದ ಹೆಸರು ಮತ್ತೆ ಡೇಟಾಬೇಸಿಗೇ ಹೋಗುತ್ತೆ. ನಾಳೆ ಇನ್ನೊಬ್ಬನ ಪ್ರೋಗ್ರಾಮು ನನ್ನ ಊಹೆಯನ್ನು ಸತ್ಯ ಅಂತ ತಿಳಿದು ಕಾಪಿ ಮಾಡುತ್ತೆ. ಮೂರು ಕೈ ದಾಟೋ ಹೊತ್ತಿಗೆ ಅದು ವೇದವಾಕ್ಯ. 2009ರಲ್ಲಿ ಪೆಟ್ರೀಷಿಯಾ ಬ್ಯಾಬಿಟ್ ತಂಡ 37 ಎನ್‌ಜೈಮ್ ಕುಟುಂಬಗಳನ್ನು ಹಿಡಿದು ಲೆಕ್ಕ ಹಾಕಿತು. ಮನುಷ್ಯರು ಕೂತು ಪರಿಶೀಲಿಸೋ ಸ್ವಿಸ್-ಪ್ರಾಟ್‌ನಲ್ಲಿ ತಪ್ಪು ಇಲ್ಲವೆನ್ನುವಷ್ಟು ಕಡಿಮೆ. ಯಂತ್ರದ ಹೆಸರುಗಳೇ ತುಂಬಿರೋ ದೊಡ್ಡ ಡೇಟಾಬೇಸುಗಳಲ್ಲಿ ಕೆಲವು ಕುಟುಂಬಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೆಸರು ತಪ್ಪು. ಅದು ಎನ್‌ಜೈಮುಗಳ ಲೆಕ್ಕ, ಸಿಬಿಎಂಗಳದ್ದಲ್ಲ. ಆದರೆ ರೋಗ ಅದೇ.

ನಮ್ಮ ಕರುಳಿನ ಉದಾಹರಣೆಯೇ ತಗೊಳ್ಳಿ. ಬ್ಯಾಕ್ಟೀರಾಯ್ಡಿಸ್ ಥೀಟಾಯೋಟಾಓಮೈಕ್ರಾನ್ ಅಂತ ನಾಲಿಗೆ ಹೊರಳದ ಹೆಸರಿನ ಬ್ಯಾಕ್ಟೀರಿಯಾ ಒಂದು ನಮ್ಮ ಹೊಟ್ಟೆಯಲ್ಲಿದೆ. ಪಿಷ್ಟವನ್ನು ಹಿಡಿದು ಒಳಗೆ ಎಳೆದುಕೊಳ್ಳೋ ಅದರ ವ್ಯವಸ್ಥೆಗೆ ಸಸ್ ಅಂತ ಹೆಸರು, ಹೆಸರಿನ ಮೊದಲಕ್ಷರವೇ ಸ್ಟಾರ್ಚ್. ಅದರಲ್ಲಿ ಸಸ್-ಡಿ ಅನ್ನೋದು ಪಿಷ್ಟ ಹಿಡಿಯೋ ಪ್ರೋಟೀನು. ಅದೇ ಮೈಕಟ್ಟಿನ ಪ್ರೋಟೀನುಗಳು ಆ ಒಂದು ಬ್ಯಾಕ್ಟೀರಿಯಾದಲ್ಲೇ ಸುಮಾರು ನೂರು ಇವೆ. ಅವುಗಳಲ್ಲಿ ಬಹುಪಾಲಿಗೂ ಪಿಷ್ಟಕ್ಕೂ ಸಂಬಂಧವೇ ಇಲ್ಲ. ಒಂದು ಲೆವಾನ್ ಅನ್ನೋ ಫ್ರಕ್ಟೋಸ್ ಸರ ಹಿಡಿಯುತ್ತೆ. 2017ರಲ್ಲಿ ಅದರ ರಚನೆ ಬಿಡಿಸಿದಾಗ, ಕಾಲಲ್ಲಿ ಒತ್ತಿ ತೆಗೆಯೋ ಕಸದ ಡಬ್ಬಿಯ ಮುಚ್ಚಳದ ಹಾಗೆ ತೆರೆದು ಮುಚ್ಚುತ್ತೆ ಅಂತ ಗೊತ್ತಾಯ್ತು. ಇಂಥವಕ್ಕೆಲ್ಲ 'ಪಿಷ್ಟ ಹಿಡಿಯೋ ಪ್ರೋಟೀನು' ಅಂತ ಚೀಟಿ ಅಂಟಿಸಿದರೆ, ಯಾವ ಬ್ಯಾಕ್ಟೀರಿಯಾ ಯಾವ ನಾರನ್ನು ತಿನ್ನುತ್ತೆ ಅನ್ನೋ ಲೆಕ್ಕವೇ ತಲೆಕೆಳಗು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂದ ಹಾಗೆ.

ಸರಿ, ಮಾವನ ನೊಬೆಲ್ ಮಾತಿಗೆ ಬರೋಣ. ರಸಾಯನಶಾಸ್ತ್ರದ 2024ರ ನೊಬೆಲ್ ಬಂದಿದ್ದು ನಿಜ. ಡೇವಿಡ್ ಬೇಕರ್‌ಗೆ ಅರ್ಧ, ಆಲ್ಫಾಫೋಲ್ಡ್ ಮಾಡಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಇನ್ನರ್ಧ. ಅದು ಅದ್ಭುತ ಕೆಲಸ, ಎರಡು ಮಾತಿಲ್ಲ. 2022ರ ಹೊತ್ತಿಗೇ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಊಹಿಸಿ ಎಲ್ಲರಿಗೂ ಪುಕ್ಕಟೆ ಕೊಟ್ಟರು. ಆದರೆ ಅದು ಕೊಟ್ಟಿದ್ದು ಆಕಾರ. ಯಾವ ಸಕ್ಕರೆ ಹಿಡಿಯುತ್ತೆ ಅನ್ನೋದು ಬೇರೆ ಪ್ರಶ್ನೆ.

ಸಿಬಿಎಂ ಕುಟುಂಬಗಳಲ್ಲಿ ಬಹುಪಾಲಿನ ಆಕಾರ ಒಂದೇ ಥರ: ಎರಡು ಬೀಟಾ ಹಾಳೆಗಳ ಸ್ಯಾಂಡ್‌ವಿಚ್. ನಮ್ಮ ರಕ್ತದ ಆಂಟಿಬಾಡಿಗಳಲ್ಲೂ ಬೀಟಾ ಸ್ಯಾಂಡ್‌ವಿಚ್ಚೇ. ಕಡಲೆಕಾಯಿಯಲ್ಲಿರೋ ಲೆಕ್ಟಿನ್ ಅನ್ನೋ ಸಕ್ಕರೆ ಹಿಡಿಯೋ ಪ್ರೋಟೀನಿನಲ್ಲೂ ಅಂಥದ್ದೇ. ಆ ಕಡಲೆಕಾಯಿ ಲೆಕ್ಟಿನ್ನಿನ ರಚನೆಯನ್ನು ಬಿಡಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ, ಎಂ. ವಿಜಯನ್ ಅವರ ತಂಡ, ಪ್ರಕಟವಾಗಿದ್ದು 1994ರಲ್ಲಿ. ಅದು ಹಿಡಿಯೋದು ಗ್ಯಾಲಕ್ಟೋಸ್. ಅದೇ ಮೈಕಟ್ಟಿನ ಇನ್ನೊಂದು ಲೆಕ್ಟಿನ್, ಕಾನ್‌ಕನವಾಲಿನ್-ಎ, ಹಿಡಿಯೋದು ಮ್ಯಾನೋಸ್ ಮತ್ತು ಗ್ಲೂಕೋಸ್. ಅಂದರೆ ಇದು ಬ್ಯಾಕ್ಟೀರಿಯಾದ್ದೊಂದೇ ಚಾಳಿ ಅಲ್ಲ. ಆಕಾರ ಒಂದೇ ಇದ್ದೂ ಹಿಡಿಯೋದು ಬೇರೆಯಾಗೋದು ಸಕ್ಕರೆ ಹಿಡಿಯೋ ಪ್ರೋಟೀನುಗಳ ಹುಟ್ಟುಗುಣ.

"ಹೊಸ ವರ್ಶನ್ ಬಂದಿದೆ ಮಾರಾಯ, ಅದು ಸಕ್ಕರೆಯನ್ನೂ ಜೊತೆಗೆ ಕೂರಿಸಿ ತೋರಿಸುತ್ತೆ" ಅಂತ ಸಹೋದ್ಯೋಗಿಯೊಬ್ಬ ವಾದ ಮಾಡಿದ. ಹೌದು, 2024ರಲ್ಲಿ ಬಂದ ಆಲ್ಫಾಫೋಲ್ಡ್ 3 ಅದನ್ನು ಮಾಡುತ್ತೆ. ಆದರೆ ನೀವು ಯಾವ ಸಕ್ಕರೆ ಕೊಟ್ಟರೂ ಅದು ಎಲ್ಲೋ ಒಂದು ಕಡೆ ಕೂರಿಸಿಯೇ ಕೊಡುತ್ತೆ, ಪಕ್ಕದಲ್ಲೊಂದು ಭರವಸೆಯ ಅಂಕ ಹಾಕುತ್ತೆ. ಹಿಡಿತ ಎಷ್ಟು ಗಟ್ಟಿ ಅಂತ ಅಳೆದು ಹೇಳಲ್ಲ. ಇನ್ನು ಹರಳುಗಟ್ಟಿದ ಸೆಲ್ಯುಲೋಸ್ ಒಂದು ಪುಟ್ಟ ಅಣು ಅಲ್ಲ, ಸಾಲು ಸಾಲು ಸರ ಜೋಡಿಸಿದ ಹಲಗೆ. ಅದರ ಮುಖಕ್ಕೆ ಅಂಟಿಕೊಳ್ಳೋದು ಒಂದು ಬಗೆ, ಒಂಟಿ ಸರವನ್ನು ನಡುವೆ ಹಿಡಿಯೋದು ಇನ್ನೊಂದು ಬಗೆ, ಸರದ ತುದಿಯನ್ನೋ ಒಂದೆರಡು ಮಣಿಯನ್ನೋ ಹಿಡಿಯೋದು ಮೂರನೇ ಬಗೆ. 2004ರಲ್ಲೇ ಬೊರಾಸ್ಟನ್ ಮತ್ತು ಜೊತೆಗಾರರು ಇದನ್ನು ಎ, ಬಿ, ಸಿ ಅಂತ ಮೂರು ಬಗೆ ಮಾಡಿದ್ದರು. ಒಂದೇ ಕುಟುಂಬದೊಳಗೆ ಎರಡು ಬಗೆ ಇರೋದೂ ಉಂಟು, ಅಕ್ಕನ ಕುಟುಂಬ 2ರಲ್ಲೇ ಇದೆ. ಕುಟುಂಬ 32ರಲ್ಲಂತೂ ಗ್ಯಾಲಕ್ಟೋಸ್ ಹಿಡಿಯೋರಿಂದ ಹಿಡಿದು ಪೆಕ್ಟಿನ್ನಿನ ಸರ ಹಿಡಿಯೋರ ತನಕ ಇದ್ದಾರೆ.

ಅಷ್ಟೇ ಯಾಕೆ, ಕೈ ಹಿಡಿಯೋದನ್ನೇ ಕತ್ತರಿ ಕತ್ತರಿಸುತ್ತೆ ಅಂತಾನೂ ಇಲ್ಲ. ಅದೇ ಸೆಲ್ಯುಲೊಮೊನಾಸ್ ಫಿಮಿಯ ಇನ್ನೊಂದು ಪ್ರಸಿದ್ಧ ಎನ್‌ಜೈಮು, ಝೈಲನೇಸ್ 10-ಎ, ಹಿಡಿದುಕೊಳ್ಳೋದು ಸೆಲ್ಯುಲೋಸನ್ನು, ಕತ್ತರಿಸೋದು ಪಕ್ಕದ ಝೈಲಾನನ್ನು. ಮಾವಿನ ಮರ ಹತ್ತಿ ಪಕ್ಕದ ಮರದ ಹಲಸು ಕೀಳೋ ಗಿರಾಕಿ! ಇದನ್ನು ಯಾವ ಗೋತ್ರ ನೋಡಿ ಹೇಳ್ತೀರಿ?

ಆಟೊಮೇಶನ್ನೇ ಬೇಡ ಅಂತಿದ್ದೀಯಾ ಅಂತ ಕೇಳಬೇಡಿ. ಜೀನೋಮುಗಳು ಪ್ರವಾಹದ ಹಾಗೆ ಬರ್ತಿವೆ. ಒಂದೊಂದನ್ನೂ ಟ್ಯೂಬಿನಲ್ಲಿ ಅಲ್ಲಾಡಿಸೋಕೆ ಯಾರಿಂದಲೂ ಆಗಲ್ಲ. ಯಂತ್ರ ಬೇಕು. ನಾನು ಕೇಳ್ತಿರೋದು ಯಂತ್ರ ತನಗೆ ಗೊತ್ತಿರೋದನ್ನು ಮಾತ್ರ ಹೇಳಲಿ ಅಂತ. 'ಸಿಬಿಎಂ ಕುಟುಂಬ 2ರ ಡೊಮೇನ್ ಇದೆ, ಯಾವ ಸಕ್ಕರೆ ಅಂತ ಪರೀಕ್ಷೆ ಆಗಿಲ್ಲ.' ಇಷ್ಟು ಬರೆಯೋಕೆ ಏನು ಕಷ್ಟ? ಕ್ಯಾಝಿಯವರು ಹೊಸ ಸಿಬಿಎಂ ಕುಟುಂಬ ಶುರು ಮಾಡಬೇಕಾದರೆ ಅದರಲ್ಲಿ ಒಬ್ಬ ಸದಸ್ಯನಾದರೂ ಸಕ್ಕರೆ ಹಿಡಿಯೋದನ್ನು ಪ್ರಯೋಗದಲ್ಲಿ ತೋರಿಸಿರಬೇಕು ಅಂತಾರೆ. ಜೀನ್ ಆಂಟಾಲಜಿಯಲ್ಲಿ ಪ್ರತಿ ಮಾಹಿತಿಗೂ ಪುರಾವೆಯ ಕೋಡ್ ಇರುತ್ತೆ. ಪ್ರಯೋಗದಿಂದ ಗೊತ್ತಾಗಿದ್ದಾ, ಇಲ್ಲ ಯಂತ್ರ ಊಹಿಸಿದ್ದಾ ಅಂತ ಅದು ಹೇಳುತ್ತೆ. ಯಂತ್ರದ ಊಹೆಗೆ ಐಇಎ ಅಂತ ಮುದ್ರೆ. ಅಂದರೆ ಪ್ರಾಮಾಣಿಕತೆಗೆ ಬೇಕಾದ ಕಾಲಂ ಆಗಲೇ ಇದೆ. ಅದನ್ನು ಎಕ್ಸ್‌ಪೋರ್ಟ್ ಮಾಡುವಾಗ ಬಿಸಾಕೋರು ನಾವು, ಟೇಬಲ್ ಅಗಲ ಜಾಸ್ತಿ ಆಯ್ತು ಅಂತ. ನಾನೂ ಬಿಸಾಕಿದ್ದೆ.

ನಮ್ಮ ಕಸುಬಿನಲ್ಲೇ ನೋಡಿ. ಫಂಕ್ಷನ್ನಿನ ಹೆಸರು 'ಡಿಲೀಟ್ ಯೂಸರ್' ಅಂತಿದೆ ಅಂತ ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಬಿಡ್ತೀವಾ? ಬಿಟ್ಟರೆ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಅಕ್ಕ ಟ್ಯೂಬಿನಲ್ಲಿ ಮಾಡ್ತಿರೋದು ಅದೇ, ಟೆಸ್ಟಿಂಗು. ವ್ಯತ್ಯಾಸ ಇಷ್ಟೇ, ನಮಗೆ ಟೆಸ್ಟ್ ಸರ್ವರ್ ಕೊಡ್ತಾರೆ, ಅವಳಿಗೆ 'ಇನ್ನೂ ಯಾಕೆ ಮಾಡ್ತಿದ್ದೀಯಾ' ಅನ್ನೋ ಪ್ರಶ್ನೆ ಕೊಡ್ತಾರೆ. ಆಲ್ಫಾಫೋಲ್ಡ್ ಕಲಿತಿದ್ದಾದರೂ ಯಾವುದರಿಂದ? 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಒಂದೊಂದಾಗಿ ಸೇರಿಸಿಟ್ಟ, ಪ್ರಯೋಗದಿಂದ ಕಂಡುಕೊಂಡ ರಚನೆಗಳಿಂದ. ಟ್ಯೂಬು ಅಲ್ಲಾಡಿಸಿದವರ ಬೆವರಿನಿಂದಲೇ ಅದು ಎದ್ದು ನಿಂತಿದ್ದು. ಏರಿದ ಏಣಿಯನ್ನೇ ಒದೆಯೋದು ಅಂದರೆ ಇದೇ ಅಲ್ವಾ?

ಈಗಿನ ಕಂಪನಿಯಲ್ಲೂ ನನ್ನದು ಜೀನೋಮ್ ಫೈಲುಗಳ ಕೆಲಸವೇ. ಹೋದ ವಾರ ನಮ್ಮ ಪೈಪ್‌ಲೈನಿಗೆ ಎರಡು ಬದಲಾವಣೆ ಹಾಕಿದೆ. ಪ್ರಯೋಗದ ಪುರಾವೆ ಇಲ್ಲದ ಹೆಸರಿನಿಂದ ಸಕ್ಕರೆಯ ಹೆಸರನ್ನು ತೆಗೆದು ಬರೀ ಕುಟುಂಬದ ನಂಬರು ಉಳಿಸೋದು ಒಂದು, ಪುರಾವೆಯ ಕಾಲಂ ಬಿಸಾಕದೇ ಇರೋದು ಇನ್ನೊಂದು. ಡ್ಯಾಶ್‌ಬೋರ್ಡಿನಲ್ಲಿ 'ಗೊತ್ತಿಲ್ಲ' ಅನ್ನೋದು ಒಮ್ಮೆಲೇ ಜಾಸ್ತಿಯಾಯ್ತು. ಮ್ಯಾನೇಜರ್ ಇದೇನಿದು ಅಂತ ಕೇಳಿದರು. "ಸರ್, ಮೊದಲೂ ಗೊತ್ತಿರಲಿಲ್ಲ, ಈಗ ಒಪ್ಪಿಕೊಳ್ತಿದ್ದೀವಿ ಅಷ್ಟೇ" ಅಂದೆ. ಅವರಿನ್ನೂ ಪೂರ್ತಿ ಒಪ್ಪಿಲ್ಲ, ಸೋಮವಾರ ಮೀಟಿಂಗ್ ಇದೆ. ನೋಡೋಣ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ನನ್ನ ಏಳು ತಿಂಗಳೇನೂ ವಾಪಸ್ ಬರಲ್ಲ ಬಿಡು. ಮುಂದಿನೋರಿಗಾದ್ರೂ ಆಗ್ಲಿ" ಅಂದಳು. ಆಮೇಲೆ, "ಮುಂದಿನ ಸಲ ಮಾವ ಕೇಳಿದಾಗ ನಗಬೇಡ ಕಣೋ, ಉತ್ತರ ಹೇಳು" ಅಂದಳು.

ಮಾವಾ, ಇದೇ ಉತ್ತರ. ಕಂಪ್ಯೂಟರು ಪ್ರೋಟೀನಿನ ಮನೆತನ ಹೇಳುತ್ತೆ, ಮುಖಚರ್ಯೆ ಹೇಳುತ್ತೆ. ಅದು ಏನನ್ನು ಹಿಡಿಯುತ್ತೆ ಅಂತ ತಿಳಿಯಬೇಕಾದರೆ ಇವತ್ತಿಗೂ ಯಾರಾದರೂ ಟ್ಯೂಬು ಅಲ್ಲಾಡಿಸಲೇಬೇಕು.

ಏನಂತೀರಾ?